ಹೊಲದ ಮರಕ್ಕೆ ಹೊಸ ನಿಯಮ, ತಾನಾಗಿ ಹುಟ್ಟಿದ ಮರಕ್ಕೆ ಜಾಗವೆಲ್ಲಿ?

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪ ಅಡಿಕೆ ತೋಟದ ಅಂಚಿನಲ್ಲಿ ಕಳೆ ಕೀಳುತ್ತಿದ್ದರು. ಕಳೆಯ ಜೊತೆಗೆ ಗೇಣುದ್ದದ ಒಂದು ಸಸಿಯೂ ಬೇರು ಸಮೇತ ಕೈಗೆ ಬಂತು. ದುಂಡನೆಯ ಪುಟ್ಟ ಎಲೆಗಳು, ತುದಿಯಲ್ಲಿ ಒಂಚೂರು ಕಚ್ಚಿ ತೆಗೆದ ಹಾಗೆ. ಬೀಟೆ ಗಿಡ. ಚಿಕ್ಕಪ್ಪ ಅದನ್ನು ಒಂದು ಸಲ ನೋಡಿದರು, ಕಳೆಯ ರಾಶಿಗೆ ಎಸೆದರು.

"ಯಾಕ್ ಕಿತ್ರಿ ಚಿಕ್ಕಪ್ಪ? ಬೀಟೆ ಅಲ್ವಾ ಅದು?" ಅಂದೆ.

"ಬೀಟೆ ಅಂತ ಗೊತ್ತಿದ್ದಕ್ಕೇ ಕಿತ್ತಿದ್ದು ಕಣೋ. ಈಗ ಕಿತ್ರೆ ಕಳೆ. ತೊಡೆ ಗಾತ್ರ ಆದ್ಮೇಲೆ ಮುಟ್ಟಿದ್ರೆ ಕೇಸು."

ಚಿಕ್ಕಪ್ಪನಿಗೆ ಮರದ ಮೇಲೆ ದ್ವೇಷ ಇಲ್ಲ. ಅವರ ತೋಟದಲ್ಲಿ ಅವರಪ್ಪ ಬಿಟ್ಟ ಹಲಸು, ಮತ್ತಿ, ಅತ್ತಿ ಮರಗಳು ಇವತ್ತಿಗೂ ಇವೆ. ಆದರೆ ಹೊಸದಾಗಿ ಹುಟ್ಟುವ ಕಾಡು ಜಾತಿಯ ಸಸಿಯನ್ನು ಅವರು ಉಳಿಸುವುದಿಲ್ಲ. ಮಲೆನಾಡಿನಲ್ಲಿ ಹೀಗೆ ಮಾಡುವ ರೈತರು ತುಂಬಾ ಜನ ಇದ್ದಾರೆ. ಮರ ಉಳಿಸಲೆಂದೇ ಬಂದ ಕಾನೂನಿನ ಭಯಕ್ಕೆ ಸಸಿ ಸಾಯುತ್ತಿದೆ. ಈಗ ಕೇಂದ್ರ ಸರ್ಕಾರ ಕೃಷಿ ಜಮೀನಿನ ಮರ ಕಡಿತಲೆಗೆ ಮಾದರಿ ನಿಯಮ ಮಾಡಿ ರಾಜ್ಯಗಳ ಮುಂದೆ ಇಟ್ಟಿದೆ. 2025ರ ಜೂನ್‌ನಲ್ಲಿ ಬಂದ ಈ ನಿಯಮ ಚಿಕ್ಕಪ್ಪನ ಕೈಯಿಂದ ಆ ಸಸಿಯನ್ನು ಉಳಿಸುತ್ತದಾ? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಹಳೇ ಕಾನೂನು ಏನು ಹೇಳುತ್ತದೆ ಅಂತ ನೋಡಬೇಕು.

ಕಡಿಯಲು ಒಂದು ಕಾನೂನು, ಸಾಗಿಸಲು ಇನ್ನೊಂದು

ಕರ್ನಾಟಕದಲ್ಲಿ ಖಾಸಗಿ ಜಮೀನಿನ ಮರವನ್ನು ಮುಖ್ಯವಾಗಿ ಎರಡು ಕಾನೂನು ಹಿಡಿದಿವೆ. ಒಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ನಿಮ್ಮದೇ ಜಮೀನಿನ ಮರವಾದರೂ ಕಡಿಯುವ ಮುಂಚೆ ವೃಕ್ಷ ಅಧಿಕಾರಿಯ ಅನುಮತಿ ಬೇಕು ಅಂತ ಹೇಳುವುದು ಇದರ 8ನೇ ಸೆಕ್ಷನ್. ವೃಕ್ಷ ಅಧಿಕಾರಿ ಅಂದರೆ ಅರಣ್ಯ ಇಲಾಖೆಯ ಅಧಿಕಾರಿಯೇ. ಇನ್ನೊಂದು, 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು ಅದರ ಕೆಳಗಿನ 1969ರ ನಿಯಮಗಳು. ಕಡಿದ ನಾಟಾ ಲಾರಿ ಹತ್ತಿದ ಮೇಲೆ ಬೇಕಾಗುವ ಪಾಸು, ಅಂದರೆ ರಹದಾರಿ, ಬರುವುದು ಇಲ್ಲಿಂದ. ಕಡಿಯಲು ಅನುಮತಿ ಸಿಕ್ಕಿತು ಅಂದ ಮಾತ್ರಕ್ಕೆ ಸಾಗಿಸಬಹುದು ಅಂತ ಅರ್ಥ ಇಲ್ಲ. ಎಷ್ಟೋ ರೈತರಿಗೆ ಇದು ಗೊತ್ತಾಗುವುದು ಲಾರಿಯನ್ನು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದಾಗ.

1976ರ ಕಾಯ್ದೆಯನ್ನು ಕೂತು ಓದಿದರೆ ಅದು ಜನ ಅಂದುಕೊಂಡಷ್ಟು ಬಿಗಿಯಾಗಿಲ್ಲ. ಸತ್ತ, ರೋಗ ಬಂದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಅದರಲ್ಲೇ ಇದೆ. ಚೆನ್ನಾಗಿ ಬಲಿತ ಮರ ಕಡಿದಾದ ಇಳಿಜಾರಿನಲ್ಲಿ ಇಲ್ಲದಿದ್ದರೆ ಅದಕ್ಕೂ ಹಾಗೇ. ಹಳ್ಳಿಗಳಲ್ಲಿ ಸೌದೆ, ಮೇವು, ಬೇಸಾಯದ ಸಲಕರಣೆ, ಮನೆ ಬಳಕೆಗೆ ಬೇಕಾದರೆ ಕೊಡಬೇಕು ಅಂತಲೂ ಇದೆ. ಕಡಿದವರು ಬದಲಿಗೆ ಗಿಡ ನೆಡಬೇಕು ಅನ್ನುವ ಷರತ್ತೂ ಇದೆ, ಅದು ನ್ಯಾಯವೇ. ಕಷ್ಟ ಶುರುವಾಗುವುದು ಅರ್ಜಿ ಮೇಜಿನ ಮೇಲೆ ಬಿದ್ದ ಮೇಲೆ.

ನಮ್ಮ ಮನೆಯದೇ ಒಂದು ಅನುಭವ. ಒಂದು ಆಗಸ್ಟ್‌ನ ಗಾಳಿ ಮಳೆಗೆ ಹೊನ್ನೆ ಮರ ಬುಡ ಸಮೇತ ಮಗುಚಿ ಅಡಿಕೆ ತೋಟದ ಮೇಲೆ ಬಿತ್ತು. ದಾರಿ ಬಿಡಿಸಲು ನಾಲ್ಕು ಕೊಂಬೆ ಕಡಿದೆವು. ಕಡಿದ ಕಡೆಯೆಲ್ಲ ರಕ್ತದ ಹಾಗೆ ಕೆಂಪು ಅಂಟು ಸೋರಿತು, ಹೊನ್ನೆಯ ಗುಣವೇ ಅದು. ಬಿದ್ದ ಮರ ಅಲ್ವಾ, ಬೇಗ ಅನುಮತಿ ಸಿಗುತ್ತದೆ ಅಂದುಕೊಂಡೆವು. ಮೊದಲು ಪಹಣಿ ಕೇಳಿದರು. ಆಮೇಲೆ ನಕ್ಷೆ. ಪೋಡಿ, ಅಂದರೆ ನಮ್ಮ ಪಾಲಿನ ಜಮೀನನ್ನು ಅಳೆದು ಬೇರೆ ಮಾಡುವ ಕೆಲಸ, ಆಗಿರಲಿಲ್ಲ, ಸರ್ವೇಯರ್‌ಗಾಗಿ ಕಾದೆವು. ಜಮೀನು ಮಂಜೂರಾಗಿದ್ದೋ ಹಿಡುವಳಿಯೋ, ಮರದ ಮೇಲೆ ಸರ್ಕಾರದ ಹಕ್ಕಿದೆಯೋ ಅಂತ ಕಂದಾಯ ಇಲಾಖೆಯಿಂದ ಅಭಿಪ್ರಾಯ ಬರಬೇಕು ಅಂದರು. ಅದು ಬರುವಷ್ಟರಲ್ಲಿ ಬೇಸಿಗೆ ಬಂತು. ಅಷ್ಟೊತ್ತಿಗೆ ದಿಮ್ಮಿಯ ತುದಿ ಸೀಳು ಬಿಟ್ಟಿತ್ತು, ಹೊರಗಿನ ಬಿಳಿ ಭಾಗವನ್ನು ಹುಳ ತಿಂದು ಪುಡಿ ಮಾಡಿತ್ತು. ಕೊನೆಗೆ ಒಬ್ಬ ಮರದ ವ್ಯಾಪಾರಿ ಬಂದು "ಕಾಗದ ಪತ್ರ ಎಲ್ಲ ನಾನು ನೋಡ್ಕೊಳ್ತೀನಿ" ಅಂತ ಒಂದು ರೇಟು ಹೇಳಿದ. ಅರ್ಧಕ್ಕರ್ಧ ಕಡಿಮೆ. ಒಪ್ಪಿಕೊಂಡೆವು.

ಇಲ್ಲಿ ಯಾರೋ ಒಬ್ಬ ಅಧಿಕಾರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕೇಳಿದ ಒಂದೊಂದು ಕಾಗದಕ್ಕೂ ಒಂದೊಂದು ಕಾರಣ ಇತ್ತು. ಆದರೆ ಎಲ್ಲ ಕಾಗದವನ್ನೂ ಮರ ಬಿದ್ದ ಮೇಲೆ ಕೇಳಿದರು. ಆ ಜಮೀನು ಯಾರದ್ದು, ಮರ ಯಾರದ್ದು ಅನ್ನುವ ಪ್ರಶ್ನೆಯನ್ನು ಮರ ನಿಂತಿದ್ದ ಅಷ್ಟೂ ವರ್ಷ ಯಾರೂ ಎತ್ತಿರಲಿಲ್ಲ. ಕಡೇ ಗಳಿಗೆಯಲ್ಲಿ ಎತ್ತಿದಾಗ ಅದರ ಖರ್ಚು ರೈತನ ತಲೆ ಮೇಲೆ ಬೀಳುತ್ತದೆ, ಲಾಭ ಓಡಾಡಿ ಕೆಲಸ ಮಾಡಿಸಬಲ್ಲ ವ್ಯಾಪಾರಿಗೆ ಹೋಗುತ್ತದೆ. ಪಹಣಿಯಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯಲು ಜಾಗ ಇದೆ. ನಮ್ಮ ಪಹಣಿಯಲ್ಲಿ ಅದು ಖಾಲಿ. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ.

ವಿನಾಯಿತಿ ಪಟ್ಟಿ ಊರನ್ನೇ ಬದಲಿಸಿತು

1976ರ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಒಂದು ಪಟ್ಟಿ ಇದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್, ತೆಂಗು, ಹಾಲುವಾಣ ಇತ್ಯಾದಿ. ಮುಂದೆ ತಿದ್ದುಪಡಿಯಾಗಿ ಪಟ್ಟಿ ಇನ್ನಷ್ಟು ಬೆಳೆಯಿತು. ರೈತನಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಆದರೆ ಪಟ್ಟಿಯಲ್ಲಿ ಹೊರಗಿನಿಂದ ಬಂದ ಮರಗಳೇ ಜಾಸ್ತಿ. ನಮ್ಮ ಮಣ್ಣಿನ ಬೀಟೆ, ಹೊನ್ನೆ, ಮತ್ತಿ, ನಂದಿ ಅದರಲ್ಲಿ ಇರಲಿಲ್ಲ. ರೈತ ಲೆಕ್ಕ ಹಾಕದೆ ಇರುತ್ತಾನಾ? ಯಾವ ಮರವನ್ನು ಬೇಕಾದಾಗ ಕಡಿಯಬಹುದೋ ಅದನ್ನೇ ನೆಡುತ್ತಾನೆ.

ಕೋಲಾರ ನೋಡಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಹೆಸರಲ್ಲಿ ಸಸಿ ಹಂಚಿದರು. ರಾಗಿ ಬೆಳೆಯುತ್ತಿದ್ದ ಖುಷ್ಕಿ ಹೊಲಗಳಿಗೆ ನೀಲಗಿರಿ ಬಂತು. ಕೂಲಿ ಆಳು ಬೇಡ, ನೀರು ಹಾಯಿಸಬೇಕಿಲ್ಲ, ದನ ಮುಟ್ಟುವುದಿಲ್ಲ, ಕಡಿಯಲು ಯಾರನ್ನೂ ಕೇಳಬೇಕಿಲ್ಲ. ಒಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೊಳ್ಳಲು ರೇಯಾನ್ ಮತ್ತು ಕಾಗದದ ಕಾರ್ಖಾನೆಗಳು ತಯಾರಿದ್ದವು. ವರ್ಷವಿಡೀ ಹರಿಯುವ ನದಿ ಇಲ್ಲದ ಆ ಜಿಲ್ಲೆಯಲ್ಲಿ ಬೋರ್‌ವೆಲ್ ಆಳಕ್ಕೆ ಹೋಗುತ್ತಾ ಇದ್ದ ಹಾಗೆ ನೀಲಗಿರಿಯ ಮೇಲೆ ಸಿಟ್ಟು ಬೆಳೆಯಿತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದಕ್ಕೇ ತಡೆ ಹಾಕಿತು. ಒಂದು ಕೈ ದಶಕಗಳ ಕಾಲ ಯಾವ ಮರವನ್ನು ಸುಲಭ ಮಾಡಿತ್ತೋ, ಇನ್ನೊಂದು ಕೈ ಅದನ್ನೇ ಬೇಡ ಅಂದಿತು. ಈ ನಡುವೆ ಹೊಲದ ಬದುವಿನಲ್ಲಿದ್ದ ಹೊಂಗೆ, ಬೇವು, ಹುಣಸೆ ಮರಗಳನ್ನು ಹೆಚ್ಚಿಸಿಕೊಳ್ಳಲು ರೈತನಿಗೆ ಯಾವ ಕಾರಣವನ್ನೂ ಯಾರೂ ಕೊಡಲಿಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇದೇ ಕಥೆ ಸಿಲ್ವರ್ ಓಕ್ ಹೆಸರಲ್ಲಿ ನಡೆದಿದೆ. ನಮ್ಮ ಕಾಫಿ ನೆರಳಿನ ಕಾಫಿ. ಹಳೇ ತೋಟಗಳಲ್ಲಿ ಮೇಲೆ ಕಾಡು ಮರಗಳು, ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು. ಅತ್ತಿ, ಬಸರಿ, ಹಲಸು, ಹೊನ್ನೆ, ಬೀಟೆ ಎಲ್ಲ ಬೆರೆತ ನೆರಳು. ಹಕ್ಕಿಗೆ ಹಣ್ಣು, ಜೇನಿಗೆ ಹೂವು, ಮಣ್ಣಿಗೆ ದರಗು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೇರವಾಗಿ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆ ಆಸರೆ. ಆದರೆ ಅದು ತೋಟ ತುಂಬಿದ್ದಕ್ಕೆ ಇಷ್ಟೇ ಕಾರಣ ಅಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ದುಡ್ಡು ಬೇಕಾದಾಗ ಕಡಿದು ಮಾರಬಹುದು ಅನ್ನುವ ಧೈರ್ಯ ದೊಡ್ಡ ಕಾರಣ. ಪಕ್ಕದ ನೂರು ವರ್ಷದ ಬೀಟೆಗೆ ಬೆಲೆ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಕಷ್ಟ ಕಾಲಕ್ಕೆ ಅದು ಒದಗುವುದಿಲ್ಲ. ಹಳೇ ನೆರಳಿನ ಮರ ಒಣಗಿ ಹೋದಾಗ ಅದರ ಜಾಗಕ್ಕೆ ಬರುವುದು ಇನ್ನೊಂದು ಸಿಲ್ವರ್ ಓಕ್.

ಜಮೀನು ನಿಮ್ಮದು, ಮರ ಯಾರದ್ದು?

ಪಟ್ಟಣದವರಿಗೆ ಇದು ವಿಚಿತ್ರ ಅನ್ನಿಸಬಹುದು. ಜಮೀನು ನನ್ನ ಹೆಸರಲ್ಲಿದ್ದರೆ ಅದರಲ್ಲಿರುವ ಮರವೂ ನನ್ನದೇ ಅಲ್ವಾ? ನಮ್ಮಲ್ಲಿ ಎಷ್ಟೋ ಕಡೆ ಹಾಗಿಲ್ಲ. ಸರ್ಕಾರ ಜಮೀನು ಮಂಜೂರು ಮಾಡುವಾಗ ತೇಗ, ಬೀಟೆ, ಗಂಧದಂಥ ಬೆಲೆಬಾಳುವ ಮರಗಳನ್ನು ತನಗೇ ಕಾಯ್ದಿರಿಸಿಕೊಳ್ಳುವ ಪದ್ಧತಿ ಹಳೆಯದು. ಅಂಥ ಮರದ ಬೆಲೆಯನ್ನು ರೈತ ಸರ್ಕಾರಕ್ಕೆ ಕಟ್ಟಿದರೆ ಮಾತ್ರ ಅದು ಮಾಲ್ಕಿ ಮರ, ಅಂದರೆ ಅವನ ಸ್ವಂತದ್ದು. ಕೊಡಗಿನಲ್ಲಿ ಇದಕ್ಕೆ ಹೆಸರೇ ಇದೆ. ಮರದ ಬೆಲೆ ಕಟ್ಟಿ ಬಿಡಿಸಿಕೊಂಡ ಜಮೀನು ರಿಡೀಮ್ಡ್, ಕಟ್ಟದ್ದು ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿಕೊಂಡ ಮರಗಳಿರುವ ಜಮೀನಿನಲ್ಲಿ, ಕಾಫಿ ಬೆಳೆಗಾರನದ್ದು, ಮೇಲಿನ ಮರ ಸರ್ಕಾರದ್ದು. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಲ್ಲಿ ಇನ್ನೊಂದು ಬಗೆಯ ಅರೆ ಹಕ್ಕು: ಸೊಪ್ಪು, ದರಗು ತರಬಹುದು, ಜಮೀನು ಮಾತ್ರ ನಿಮ್ಮದಲ್ಲ.

ಮರ ಸರ್ಕಾರದ್ದಾದರೆ ಅದನ್ನು ಕಾಯುವ ಮನಸ್ಸು ಹೇಗಿರುತ್ತದೆ ಅಂತ ತಿಳಿಯಲು ಶ್ರೀಗಂಧಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಅಂತ ಸಾರಿದ. ಯಾರ ಹೊಲದಲ್ಲಿ ಹುಟ್ಟಿದರೂ ಅರಸನದ್ದು. ಆಮೇಲೆ ಬಂದ ಆಡಳಿತಗಳೂ ಅದನ್ನು ಬಿಡಲಿಲ್ಲ, ಸ್ವಾತಂತ್ರ್ಯ ಬಂದ ಮೇಲೂ ಬಿಡಲಿಲ್ಲ. ಗಂಧದ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಉದುರಿಸುತ್ತವೆ, ಬೇಲಿ ಸಾಲಿನಲ್ಲಿ ತಾನಾಗಿ ಹುಟ್ಟುತ್ತದೆ. ಹಾಗೆ ಹುಟ್ಟಿದ ಗಿಡವನ್ನು ಕಾಯುವ ಹೊಣೆ ರೈತನದು, ಕಳ್ಳತನವಾದರೆ ವಿಚಾರಣೆ ರೈತನಿಗೆ. ಅದಕ್ಕೇ ಬೇಲಿಯಲ್ಲಿ ಗಂಧ ಚಿಗುರಿದರೆ ಸದ್ದಿಲ್ಲದೆ ಕಿತ್ತುಬಿಡುತ್ತಿದ್ದರು. ಚಿಕ್ಕಪ್ಪ ಬೀಟೆಗೆ ಮಾಡಿದ ಹಾಗೇ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನ ಗಂಧದ ಮರದ ಹಕ್ಕನ್ನು ಜಮೀನಿನವರಿಗೇ ಕೊಟ್ಟರು. ಇನ್ನೂರು ವರ್ಷದ ಮೇಲೆ. ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಬಯಲುಸೀಮೆಯಲ್ಲಿ ಎಷ್ಟೋ ರೈತರು ತೊಗರಿ, ಸರ್ವೆ, ಹೊಂಗೆಯನ್ನು ಆಸರೆ ಗಿಡವಾಗಿ ಇಟ್ಟುಕೊಂಡು ಗಂಧ ನೆಟ್ಟಿದ್ದಾರೆ. ಗಂಧ ಬೇರೆ ಗಿಡದ ಬೇರಿನಿಂದ ಆಹಾರ ಎಳೆದುಕೊಂಡು ಬೆಳೆಯುವ ಮರ, ಒಂಟಿಯಾಗಿ ಬದುಕುವುದಿಲ್ಲ. ಹಾಗಂತ ಗಂಧದ ಕಷ್ಟ ಮುಗಿದಿಲ್ಲ. ಕಡಿಯುವುದು, ಸಾಗಿಸುವುದು ಇವತ್ತಿಗೂ ಇಲಾಖೆಯ ಕಣ್ಣಮುಂದೆಯೇ ಆಗಬೇಕು. ಚೇಗು, ಅಂದರೆ ಪರಿಮಳ ಇರುವ ಒಳಗಿನ ತಿರುಳು, ಕಟ್ಟಲು ಹದಿನೈದು ವರ್ಷವಾದರೂ ಬೇಕು, ಅಷ್ಟು ವರ್ಷ ರಾತ್ರಿ ಕಳ್ಳರ ಭಯ. ಮಾರಾಟದ ದಾರಿಯನ್ನು ಸಡಿಲ ಮಾಡಲು 2022ರಲ್ಲಿ ರಾಜ್ಯ ಸರ್ಕಾರ ಶ್ರೀಗಂಧ ನೀತಿ ತಂದಿತು. ಇಷ್ಟೆಲ್ಲ ತೊಡಕಿದ್ದರೂ ಜನ ನೆಟ್ಟರಲ್ಲ, ಅದಕ್ಕೆ ಮರ ತಮ್ಮದು ಅಂತ ಕಾನೂನು ಹೇಳಿದ್ದೇ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ.

ಮುಟ್ಟಿಲ್ ಕಲಿಸಿದ್ದು

ಹಾಗಾದರೆ ಎಲ್ಲ ಅನುಮತಿಯನ್ನೂ ಕಿತ್ತುಹಾಕಿ ಅನ್ನಬೇಕಾ? ಆ ಮಾತು ಹೇಳುವವರು ಪಕ್ಕದ ವಯನಾಡನ್ನು ಒಮ್ಮೆ ನೋಡಬೇಕು.

2020ರ ಅಕ್ಟೋಬರ್‌ನಲ್ಲಿ ಕೇರಳದ ಕಂದಾಯ ಇಲಾಖೆ ಒಂದು ಆದೇಶ ಹೊರಡಿಸಿತು. ಸರ್ಕಾರದಿಂದ ಪಟ್ಟಾ ಸಿಕ್ಕ ಜಮೀನಿನಲ್ಲಿ ರೈತರು ನೆಟ್ಟ ಮರ, ತಾನಾಗಿ ಬೆಳೆದ ಮರ ಎರಡನ್ನೂ, ಗಂಧ ಬಿಟ್ಟು, ರೈತರೇ ಕಡಿದುಕೊಳ್ಳಬಹುದು ಅಂತ. ಉದ್ದೇಶ ರೈತರಿಗೆ ಸಹಾಯ ಮಾಡುವುದು. ಆದರೆ ಪಟ್ಟಾ ಕೊಡುವಾಗಲೇ ಸರ್ಕಾರ ಕಾಯ್ದಿರಿಸಿಕೊಂಡಿದ್ದ ಬೀಟೆ ಮರಗಳೂ ಆ ಜಮೀನುಗಳಲ್ಲಿದ್ದವು. ಆದೇಶದ ಮರೆಯಲ್ಲಿ ವ್ಯಾಪಾರಿಗಳು ಇಳಿದರು. ವಯನಾಡಿನ ಮುಟ್ಟಿಲ್‌ನಲ್ಲಿ ನೂರಾರು ವರ್ಷದ ಬೀಟೆ ಮರಗಳು ನೆಲಕ್ಕೆ ಬಿದ್ದವು. 2021ರ ಫೆಬ್ರವರಿಯಲ್ಲಿ ಆದೇಶ ವಾಪಸಾಯಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು, ಮುಂದೆ ಕೇಸುಗಳು ನಡೆದವು.

ಬೀಟೆಗೆ ಹೊರಗಿನ ಕಾವಲೂ ಇದೆ. ಅದರ ಇಡೀ ಕುಲವನ್ನು 2017ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ಅಂಥ ಮರ ಯಾವ ಲೆಕ್ಕವೂ ಇಲ್ಲದೆ ಕಾಡಿನಿಂದ ಕದ್ದು ಬಂದು "ನನ್ನ ತೋಟದ್ದು" ಅಂತ ಲಾರಿ ಹತ್ತಬಾರದು. ಅರಣ್ಯ ಇಲಾಖೆಯ ಈ ಆತಂಕ ನಿಜವಾದದ್ದು. ತೋಟದ ಬೀಟೆ ದಿಮ್ಮಿಗೂ ಕಾಡಿನ ಬೀಟೆ ದಿಮ್ಮಿಗೂ ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಮುಟ್ಟಿಲ್‌ನಲ್ಲಿ ಆದದ್ದಕ್ಕೂ ನಮ್ಮ ಹೊನ್ನೆ ಮರಕ್ಕೆ ಆದದ್ದಕ್ಕೂ ಬೇರು ಒಂದೇ. ಯಾವ ಮರ ಯಾರದ್ದು, ಯಾವಾಗಿನದು ಅನ್ನುವುದಕ್ಕೆ ಮರ ನಿಂತಿದ್ದಾಗ ದಾಖಲೆ ಇರಲಿಲ್ಲ. ಒಂದು ಕಡೆ ಪ್ರಾಮಾಣಿಕ ರೈತ ಸೋತ, ಇನ್ನೊಂದು ಕಡೆ ಹಳೇ ಮರಗಳು ಹೋದವು.

ಇದರ ಜೊತೆಗೆ ಇನ್ನೊಂದು ಭಯ ಇದೆ. ಮರ ದಟ್ಟವಾದರೆ ಜಮೀನನ್ನೇ ಕಾಡು ಅಂತ ಬರೆದುಬಿಟ್ಟರೆ? ಈ ಭಯಕ್ಕೆ ಮೂಲ 1996ರ ಡಿಸೆಂಬರ್‌ನ ಗೋದಾವರ್ಮನ್ ಪ್ರಕರಣದ ಆದೇಶ. ಒಡೆಯರು ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸುವುದೆಲ್ಲ ಕಾಡೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಡೀಮ್ಡ್ ಅರಣ್ಯ, ಅಂದರೆ ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತಲೇ ಪರಿಗಣಿಸುವ ಜಾಗ, ಅಂತ ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರ್. ವರ್ಷಗಟ್ಟಲೆ ತಕರಾರು ನಡೆದು 2022ರಲ್ಲಿ ಅದು 3.30 ಲಕ್ಷ ಹೆಕ್ಟೇರ್‌ಗೆ ಇಳಿಯಿತು. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ತಿದ್ದುಪಡಿಯಾಗಿ, ಅರಣ್ಯ ಅಂತ ದಾಖಲೆಯಲ್ಲಿಲ್ಲದ ಜಮೀನಿನಲ್ಲಿ ಬೆಳೆಸಿದ ನೆಡುತೋಪುಗಳು ಆ ಕಾಯ್ದೆಯಿಂದ ಹೊರಗೆ ಬಂದವು. ಅದನ್ನು ಪ್ರಶ್ನಿಸಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಅಂದಿತು. ಕಾಡನ್ನು ಉಳಿಸಲು ಅದು ಬೇಕಿತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಐದು ಎಕರೆಯಲ್ಲಿ ಬಗೆಬಗೆಯ ಮರ ಬೆಳೆಸಬೇಕು ಅಂತಿರುವ ರೈತ ಇದನ್ನೆಲ್ಲ ಪೇಪರಿನಲ್ಲಿ ಓದಿ ಹಿಂಜರಿಯುತ್ತಾನೆ.

2025ರ ಮಾದರಿ ನಿಯಮದಲ್ಲಿ ಏನಿದೆ?

2014ರಲ್ಲಿ ಭಾರತ ಕೃಷಿ ಅರಣ್ಯ ನೀತಿ ತಂದಿತು. ಹೀಗೆ ಬರೀ ಕೃಷಿ ಅರಣ್ಯಕ್ಕೆ ಅಂತಲೇ ರಾಷ್ಟ್ರೀಯ ನೀತಿ ಮಾಡಿದ ಮೊದಲ ದೇಶ ನಮ್ಮದು. ಕಡಿಯುವ, ಸಾಗಿಸುವ ನಿಯಮ ಸರಳ ಆಗಬೇಕು ಅಂತ ಆಗಲೇ ಬರೆದಿದ್ದರು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರು ಮರ ಅಲ್ಲ ಅಂತ ಮಾಡಿದರು. 2023ರ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಒಂದೇ ರಹದಾರಿ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂತು. ಈ ಸಾಲಿನಲ್ಲಿ ಮುಂದಿನದು 2025ರ ಮಾದರಿ ನಿಯಮ.

ಅದರ ಪ್ರಕಾರ ರೈತ ರಾಷ್ಟ್ರೀಯ ಟಿಂಬರ್ ಪೋರ್ಟಲ್‌ನಲ್ಲಿ ತನ್ನ ನೆಡುತೋಪನ್ನು ನೋಂದಾಯಿಸಬೇಕು. ಜಮೀನಿನ ಒಡೆತನದ ವಿವರ, ಜಮೀನಿನ ಗಡಿ ತೋರಿಸುವ ಕೆಎಂಎಲ್ ಫೈಲು, ಯಾವ ಜಾತಿಯ ಎಷ್ಟು ಸಸಿ, ಯಾವ ತಿಂಗಳು ಯಾವ ವರ್ಷ ನೆಟ್ಟದ್ದು, ಸಸಿಯ ಸರಾಸರಿ ಎತ್ತರ, ಜಾಗದ ಗುರುತು ಇರುವ ಫೋಟೋ. ಕಡಿಯುವ ಕಾಲ ಬಂದಾಗ ಹತ್ತು ಮರದವರೆಗೆ ಇದ್ದರೆ ಫೋಟೋ ಹಾಕಿದರೆ ಸಾಕು, ನಿರಾಕ್ಷೇಪಣಾ ಪತ್ರ ಪೋರ್ಟಲ್‌ನಿಂದಲೇ ಬರುತ್ತದೆ. ಹತ್ತಕ್ಕಿಂತ ಜಾಸ್ತಿ ಇದ್ದರೆ ರಾಜ್ಯ ಸಮಿತಿ ಗೊತ್ತು ಮಾಡಿದ ಸಂಸ್ಥೆ ಜಾಗಕ್ಕೆ ಬಂದು ಪರಿಶೀಲಿಸಿ ವರದಿ ಕೊಡುತ್ತದೆ, ಅದರ ಮೇಲೆ ಅನುಮತಿ. ಕಡಿದ ಮೇಲೆ ಬುಡದ ಫೋಟೋ ಹಾಕಬೇಕು. ಅರಣ್ಯ ವಿಭಾಗದ ಅಧಿಕಾರಿ ಪರಿಶೀಲನೆ ಮಾಡುವ ಸಂಸ್ಥೆಗಳ ಮೇಲೆ ಕಣ್ಣಿಡಬೇಕು.

ಇದರ ತಿರುಳು ನನಗೆ ಇಷ್ಟವಾಗಿದೆ. ಒಡೆತನದ ಪ್ರಶ್ನೆಯನ್ನು ಕಡಿಯುವ ದಿನದಿಂದ ನೆಡುವ ದಿನಕ್ಕೆ ತಂದಿದ್ದಾರೆ. ನಮ್ಮ ಹೊನ್ನೆ ಮರಕ್ಕೆ ಬೇಕಾಗಿದ್ದು ಇದೇ.

ಆದರೆ ಇದು ಮಾದರಿ ನಿಯಮ ಮಾತ್ರ. ಒಪ್ಪಿಕೊಂಡು ತನ್ನ ಕಾಯ್ದೆಗೆ ಹೊಂದಿಸುವುದು ರಾಜ್ಯದ ಕೆಲಸ. ಕರ್ನಾಟಕ ಇದನ್ನು ಹೊಂದಿಸಿಕೊಳ್ಳುವಾಗ ಒಂದು ಕೊರತೆಯನ್ನು ತುಂಬಲೇಬೇಕು. "ನೆಟ್ಟ ದಿನಾಂಕ" ಅನ್ನುವ ಕಾಲಂ ನೋಡಿ. ಚಿಕ್ಕಪ್ಪ ಕಿತ್ತ ಬೀಟೆಗೆ ನೆಟ್ಟ ದಿನಾಂಕ ಇಲ್ಲ. ಯಾರೂ ಅದನ್ನು ನೆಟ್ಟಿರಲಿಲ್ಲ. ಹಳೇ ಬೀಟೆಯ ಬೇರಿನಿಂದ ಮರಿ ಏಳುತ್ತದೆ. ಗಂಧವನ್ನು ಹಕ್ಕಿ ತರುತ್ತದೆ. ಹೊನ್ನೆಯ ಬಿಲ್ಲೆಯಂಥ ಕಾಯಿ ಗಾಳಿಯಲ್ಲಿ ಹಾರಿ ಬಂದು ಬೀಳುತ್ತದೆ. ಮಲೆನಾಡಿನ ತೋಟ, ಬಾಣೆ, ಬ್ಯಾಣಗಳಲ್ಲಿರುವ ನಾಡ ಮರಗಳು ಬಹುಪಾಲು ಬಂದದ್ದೇ ಹೀಗೆ. ಸಾಲಾಗಿ ನೆಟ್ಟ ಹೆಬ್ಬೇವು, ಮಹಾಗನಿ, ತೇಗಕ್ಕೆ ಪೋರ್ಟಲ್‌ನಲ್ಲಿ ಸಲೀಸಾಗಿ ಜಾಗ ಸಿಗುತ್ತದೆ. ತಾನಾಗಿ ಹುಟ್ಟಿದ ಮರ ಹಳೇ ಕಾನೂನಿನ ಕೆಳಗೇ ಉಳಿಯುತ್ತದೆ. ಆಗ ರೈತನಿಗೆ ಎಷ್ಟು ಸುಲಭ ನೋಡಿ: ಹುಟ್ಟಿದ್ದನ್ನು ಸವರಿ ತೆಗೆದು, ನೋಂದಾಯಿಸಬಲ್ಲದ್ದನ್ನು ಸಾಲು ಹಿಡಿದು ನೆಡುವುದು. ಸಿಲ್ವರ್ ಓಕ್ ಮಾಡಿದ್ದನ್ನು ಇನ್ನೂ ನಾಲ್ಕು ಜಾತಿಯ ಮರಗಳು ಸೇರಿ ಮಾಡುತ್ತವೆ.

ಪರಿಹಾರ ತೀರಾ ಕಷ್ಟದ್ದೇನಲ್ಲ. ನೆಟ್ಟ ದಿನಾಂಕದ ಪಕ್ಕದಲ್ಲಿ "ಉಳಿಸಿಕೊಂಡ ದಿನಾಂಕ" ಅಂತ ಒಂದು ಕಾಲಂ ಸಾಕು. ಸಸಿ ಸೊಂಟದೆತ್ತರ ಇರುವಾಗಲೇ ಫೋಟೋ ಹಾಕಿ, ಜಾಗ ಗುರುತಿಸಿ ನೋಂದಾಯಿಸಿದರೆ ಅದು ಸರ್ಕಾರ ಕಾಯ್ದಿರಿಸಿದ ಹಳೇ ಮರ ಅಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಮುಟ್ಟಿಲ್‌ನಂಥ ಮೋಸಕ್ಕೂ ದಾರಿ ಮುಚ್ಚುತ್ತದೆ. ಹಳೇ ದೊಡ್ಡ ಮರಗಳನ್ನು ಬೇರೆಯಾಗಿ ಒಮ್ಮೆ ಎಣಿಸಿ, ಸುತ್ತಳತೆ ಅಳೆದು ಪಟ್ಟಿ ಮಾಡಿ, ಅವಕ್ಕೆ ಈಗಿನ ಬಿಗಿ ನಿಯಮವೇ ಇರಲಿ.

ಇನ್ನೊಂದು ಮಾತು. ನಮ್ಮ ಅರಣ್ಯ ಇಲಾಖೆಯ ಹತ್ತಿರ ಇಂಥ ದಾಖಲೆ ಆಗಲೇ ಇದೆ. 2011ರ ಹೊತ್ತಿಗೆ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಇಲಾಖೆಯ ನರ್ಸರಿಯಿಂದ ಸಸಿ ಕೊಂಡು ನೆಟ್ಟರೆ, ಬದುಕಿದ ಒಂದೊಂದು ಗಿಡಕ್ಕೂ ಮೂರು ವರ್ಷ ದುಡ್ಡು ಕೊಡುತ್ತಾರೆ. ಮೊದಲು ಒಟ್ಟು 45 ರೂಪಾಯಿ ಇತ್ತು, ಆಮೇಲೆ 100 ಆಯಿತು, ಮುಂದೆ 35, 40, 50 ಅಂತ 125ಕ್ಕೆ ಏರಿತು. ಅದಕ್ಕಾಗಿ ಪಹಣಿ ಕೊಡಬೇಕು, ಸಿಬ್ಬಂದಿ ಹೊಲಕ್ಕೆ ಬಂದು ಗಿಡ ಎಣಿಸುತ್ತಾರೆ. ಅಂದರೆ ಯಾವ ಸರ್ವೆ ನಂಬರಿನಲ್ಲಿ, ಯಾರು, ಯಾವ ಗಿಡವನ್ನು, ಯಾವ ವರ್ಷ ನೆಟ್ಟರು ಅಂತ ಇಲಾಖೆಯ ಕಡತದಲ್ಲೇ ಇದೆ. ಅದೇ ರೈತ ಇಪ್ಪತ್ತು ವರ್ಷದ ಮೇಲೆ ಕಡಿಯಲು ಅರ್ಜಿ ಹಾಕಿದರೆ ಈ ಮರ ಯಾರದ್ದು ಅಂತ ಮತ್ತೆ ಮೊದಲಿನಿಂದ ಕೇಳುವುದು ಯಾಕೆ? ಆ ಕಡತವನ್ನು ಕಡಿತಲೆ ಅನುಮತಿಗೆ ಜೋಡಿಸಲು ಹೊಸ ಪೋರ್ಟಲ್‌ಗೆ ಕಾಯಬೇಕಿಲ್ಲ.

ಕೆಎಂಎಲ್ ಫೈಲಿನ ವಿಷಯವೂ ಇದೆ. ಚಿಕ್ಕಪ್ಪನಂಥವರಿಗೆ ಅದನ್ನು ಮಾಡಿಕೊಡುವವರು ಯಾರು? ಗ್ರಾಮ ಒನ್ ಕೇಂದ್ರದಲ್ಲೋ ಪಂಚಾಯಿತಿಯಲ್ಲೋ ಈ ಕೆಲಸ ಆಗಬೇಕು. ಇಲ್ಲದಿದ್ದರೆ "ನಾನು ನೋಡ್ಕೊಳ್ತೀನಿ" ಅಂದ ಅದೇ ವ್ಯಾಪಾರಿ ಲ್ಯಾಪ್‌ಟಾಪ್ ಹಿಡಿದು ಬರುತ್ತಾನೆ. ಸಾಮಿಲ್‌ಗಳ ಕಥೆ ಬೇರೆ. 2016ರ ಮಾರ್ಗಸೂಚಿ ಪ್ರಕಾರ, ಕೈಗಾರಿಕಾ ಪ್ರದೇಶ ಮತ್ತು ಪಟ್ಟಣಗಳನ್ನು ಬಿಟ್ಟರೆ, ಕಾಡಿನ ಗಡಿಯಿಂದ 10 ಕಿಲೋಮೀಟರ್ ಒಳಗೆ ಹೊಸದಾಗಿ ಮರ ಆಧಾರಿತ ಕೈಗಾರಿಕೆಗೆ ಅವಕಾಶ ಇಲ್ಲ. ಮಲೆನಾಡಿನಲ್ಲಿ ಕಾಡಿನಿಂದ 10 ಕಿಲೋಮೀಟರ್ ಆಚೆ ಇರುವ ಊರು ಎಷ್ಟಿವೆ? ಕೊಳ್ಳುವವರು ಕಡಿಮೆಯಾದಷ್ಟೂ ರೇಟು ಹೇಳುವುದು ಅವರೇ.

ಸದ್ಯಕ್ಕೆ ರೈತರು ಮಾಡಿಕೊಳ್ಳಬಹುದಾದ ಕೆಲಸ ಇಷ್ಟು. ನರ್ಸರಿಯ ರಸೀದಿ ಎಸೆಯಬೇಡಿ. ಪೋಡಿ ಆಗಿಲ್ಲದಿದ್ದರೆ ಮರ ಚಿಕ್ಕದಿರುವಾಗಲೇ ಮಾಡಿಸಿ. ಪಹಣಿಯಲ್ಲಿ ಮರದ ಸಂಖ್ಯೆ ಬರೆಸಲು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಜಮೀನು ಮಂಜೂರಾಗಿದ್ದಾದರೆ ಮಂಜೂರಾತಿ ಆದೇಶ ಹುಡುಕಿ, ಮರದ ಬೆಲೆ ಕಟ್ಟಿದ್ದರೆ ಅದರ ರಸೀದಿ ಹುಡುಕಿ. ಬಹಳ ಮನೆಗಳಲ್ಲಿ ಅದು ಅಜ್ಜನ ಟ್ರಂಕಿನಲ್ಲೇ ಇರುತ್ತದೆ. ಗಿಡದ ಫೋಟೋ ತೆಗೆಯುವಾಗ ಜಾಗ, ದಿನಾಂಕ ಬೀಳುವ ಹಾಗೆ ತೆಗೆಯಿರಿ.

ಅವತ್ತು ಸಂಜೆ ತೋಟದಲ್ಲಿ ಇನ್ನೂ ಮೂರು ಬೀಟೆ ಮರಿ ಸಿಕ್ಕವು, ಕೆರೆ ಕಡೆಯ ಅಗಳದ ಪಕ್ಕ. ಕೀಳಬೇಡಿ ಅಂತ ಕೇಳಿಕೊಂಡೆ. ಚಿಕ್ಕಪ್ಪ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಕತ್ತಿಯಿಂದ ಸುತ್ತಲಿನ ಹುಲ್ಲು ಸವರಿ, ಒಂದೊಂದಕ್ಕೂ ಅಡಿಕೆ ದಬ್ಬೆಯ ಗೂಟ ಹೊಡೆದರು. "ಫೋಟೋ ಹೊಡ್ಕೋ. ತಾರೀಕು ಬರೋ ಹಾಗೆ" ಅಂದರು. ಹೊಡೆದುಕೊಂಡಿದ್ದೇನೆ. ಟೇಪು ಹಿಡಿದು ಎತ್ತರ ಅಳೆದು ಬರೆದಿಟ್ಟಿದ್ದೇನೆ. ಎಲ್ಲಕ್ಕಿಂತ ದೊಡ್ಡದು ನನ್ನ ಮೊಣಕಾಲಿಗೆ ಬರುತ್ತದೆ.